ಡೊರೊಥಿ ಎಲ್. ಸೇಯರ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳ ಮಾತು ಬಂದಾಗಲೆಲ್ಲ ಸೇಯರ್ಸ್ ಬಗ್ಗೆ ಇವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೇಳಿದವರ ಮಾತಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಕೊಲೆಗಾರ ಯಾರು ಅಂತ ಎಲ್ಲೂ ಹೇಳಿಲ್ಲ. ಒಂದು ಕಡೆ ಮಾತ್ರ ಕೊಲೆಯ ವಿಧಾನ ಬಿಟ್ಟುಕೊಡದೆ ಉತ್ತರ ಹೇಳಲಾಗದು. ಅಲ್ಲಿ ಮೊದಲೇ ಎಚ್ಚರಿಸಿದ್ದೇನೆ.

## ಮೊದಲ ಪರಿಚಯ

ಅಗಾಥಾ ಕ್ರಿಸ್ಟಿ ಗೊತ್ತು. ಈ ಸೇಯರ್ಸ್ ಯಾರು?

ಕ್ರಿಸ್ಟಿಯ ಕಾಲದವರೇ. 1893ರ ಜೂನ್ 13ರಂದು ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದರು. ತಂದೆ ಪಾದ್ರಿ. ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳ ಸುಗ್ಗಿ ಕಾಲ. ಆಗ ಮುಂಚೂಣಿಯಲ್ಲಿದ್ದವರಲ್ಲಿ ಇವರೊಬ್ಬರು. ಲಾರ್ಡ್ ಪೀಟರ್ ವಿಮ್ಸಿ ಎಂಬ ಪತ್ತೇದಾರ ಇವರ ಸೃಷ್ಟಿ. ಕ್ರಿಸ್ಟಿಯ ಪುಸ್ತಕ ಓದುವಾಗ ನಾವು ಕೊಲೆಗಾರ ಯಾರು ಅಂತ ಹುಡುಕುತ್ತಾ ಪುಟ ತಿರುಗಿಸುತ್ತೇವೆ. ಸೇಯರ್ಸ್ ಪುಸ್ತಕದಲ್ಲಿ ಅರ್ಧ ದಾರಿಯಲ್ಲಿ ಆ ಪ್ರಶ್ನೆಯೇ ಮರೆತುಹೋಗಿ, ಅಲ್ಲಿನ ಜನ ಹೇಗೆ ದುಡಿಯುತ್ತಾರೆ, ಹೇಗೆ ಬದುಕುತ್ತಾರೆ ಅನ್ನುವುದೇ ಹಿಡಿದಿಡುತ್ತದೆ. ಕೆಲವರಿಗೆ ಇದೇ ಇಷ್ಟ, ಕೆಲವರಿಗೆ ಇದೇ ಕಷ್ಟ. ನಾನು ಮೊದಲ ಗುಂಪಿನವನು.

ಒಟ್ಟು ಎಷ್ಟು ಪುಸ್ತಕ? ಯಾವುದರಿಂದ ಶುರು ಮಾಡಲಿ?

ಪೀಟರ್ ವಿಮ್ಸಿಯ ಕಾದಂಬರಿಗಳು 11. ಮೊದಲನೆಯದು 1923ರ 'ಹೂಸ್ ಬಾಡಿ?', ಕೊನೆಯದು 1937ರ 'ಬಸ್‌ಮನ್ಸ್ ಹನಿಮೂನ್'. ವಿಮ್ಸಿ ಇಲ್ಲದ ಕಾದಂಬರಿ ಒಂದು. ಜೊತೆಗೆ ಕೆಲವು ಸಣ್ಣಕಥೆಗಳ ಸಂಗ್ರಹ. ಅವುಗಳಲ್ಲಿ ಮಾಂಟೆಗ್ಯೂ ಎಗ್ ಎಂಬ ವೈನ್ ಮಾರುವ ಸೇಲ್ಸ್‌ಮನ್ ಪತ್ತೇದಾರನಾಗುವ ಕಥೆಗಳೂ ಇವೆ. ಹಗುರವಾಗಿವೆ, ಬಸ್ಸಿನಲ್ಲಿ ಓದಲು ಚೆಂದ.

ಶುರುವಿಗೆ 'ಹೂಸ್ ಬಾಡಿ?' ಬೇಡ ಅನ್ನುತ್ತೇನೆ. ಸ್ನಾನದ ತೊಟ್ಟಿಯಲ್ಲಿ ಮೂಗಿನ ಮೇಲೆ ಕನ್ನಡಕ ಬಿಟ್ಟರೆ ಬೇರೇನೂ ಇಲ್ಲದ ಹೆಣ. ಆರಂಭ ಜೋರಾಗಿದೆ. ಆದರೆ ಬರಹಗಾರ್ತಿ ಇನ್ನೂ ಕೈ ಪಳಗಿಸಿಕೊಳ್ಳುತ್ತಿದ್ದ ಕಾಲ ಅದು. 1933ರ 'ಮರ್ಡರ್ ಮಸ್ಟ್ ಅಡ್ವರ್ಟೈಸ್' ಹಿಡಿಯಿರಿ. ಒಂದು ಆಫೀಸು, ಅಲ್ಲಿನ ಹರಟೆ, ಕಬ್ಬಿಣದ ಸುರುಳಿ ಮೆಟ್ಟಿಲಿನಿಂದ ಬಿದ್ದು ಸತ್ತ ಒಬ್ಬ ನೌಕರ. ಬೇರೆ ಯಾವ ಪುಸ್ತಕದ ಹಿನ್ನೆಲೆಯೂ ಬೇಕಾಗಿಲ್ಲ. ವಿಮ್ಸಿ ಮದುವೆಯಾಗಬಯಸುವ ಲೇಖಕಿ ಹ್ಯಾರಿಯೆಟ್ ವೇನ್ ಕಥೆ ಮಾತ್ರ ಅನುಕ್ರಮದಲ್ಲೇ ಓದಬೇಕು: 'ಸ್ಟ್ರಾಂಗ್ ಪಾಯ್ಸನ್' (1930), 'ಹ್ಯಾವ್ ಹಿಸ್ ಕಾರ್ಕಸ್' (1932), 'ಗಾಡಿ ನೈಟ್' (1935), ಆಮೇಲೆ 'ಬಸ್‌ಮನ್ಸ್ ಹನಿಮೂನ್'.

ಲಾರ್ಡ್ ಪೀಟರ್ ಅಂದ್ರೆ ಸುಮ್ನೆ ಒಬ್ಬ ಶ್ರೀಮಂತ ಶೋಕಿಲಾಲ ತಾನೆ?

ಮೊದಲೆರಡು ಪುಸ್ತಕದಲ್ಲಿ ಹೆಚ್ಚು ಕಡಿಮೆ ಹಾಗೇ ಕಾಣುತ್ತಾನೆ. ಡ್ಯೂಕ್ ಮನೆತನದ ಎರಡನೇ ಮಗ. ಲಂಡನ್ನಿನ ಪಿಕಾಡಿಲಿಯಲ್ಲಿ ಮನೆ, ಡೈಮ್ಲರ್ ಕಾರು, ಹಳೇ ಅಚ್ಚಿನ ಪುಸ್ತಕ ಕೂಡಿಡುವ ಹುಚ್ಚು. ಅಡುಗೆಯಿಂದ ಫೋಟೋ ತೆಗೆಯುವವರೆಗೆ ಎಲ್ಲ ಬಲ್ಲ ಬಂಟರ್ ಎಂಬ ಸೇವಕ. ಸೇಯರ್ಸ್ ಇದರ ಗುಟ್ಟನ್ನು ಆಮೇಲೆ ತಾವೇ ನಗುತ್ತಾ ಹೇಳಿಕೊಂಡರು. ಆಗ ಅವರ ಕೈಯಲ್ಲಿ ಕಾಸಿರಲಿಲ್ಲ. ತಮ್ಮ ಬಾಡಿಗೆ ಕೋಣೆ ಬೇಜಾರಾದಾಗ ವಿಮ್ಸಿಗೆ ಒಳ್ಳೇ ಮನೆ ಕೊಟ್ಟರಂತೆ, ಅಗ್ಗದ ಜಮಖಾನೆ ತೂತಾದಾಗ ಅವನಿಗೆ ದುಬಾರಿ ರತ್ನಗಂಬಳಿ. ಹೇಗೂ ಪುಕ್ಕಟೆ ಅಲ್ವಾ!

ಆದರೆ ಈ ಮಾತುಗಾರನ ಬೆನ್ನಿಗೆ ಮೊದಲ ಮಹಾಯುದ್ಧವಿದೆ. ಕಂದಕದಲ್ಲಿ ಜೀವಂತ ಹೂತುಹೋಗಿ ಬದುಕಿ ಬಂದವನು. ಈಗಲೂ ರಾತ್ರಿ ಬೆಚ್ಚಿ ಏಳುತ್ತಾನೆ, ಬಂಟರ್ ಬಂದು ಸಮಾಧಾನ ಮಾಡುತ್ತಾನೆ. ತಾನು ಹಿಡಿದುಕೊಟ್ಟ ಅಪರಾಧಿ ನೇಣಿಗೆ ಹೋಗುವಾಗ ವಿಮ್ಸಿ ಕುಸಿದುಹೋಗುತ್ತಾನೆ. ಆ ಕಾಲದ ಪತ್ತೇದಾರರಲ್ಲಿ ಗೆದ್ದ ಮೇಲೆ ಹೀಗೆ ಒದ್ದಾಡುವವರು ತೀರಾ ಕಡಿಮೆ.

ಲ್ಯಾಟಿನ್, ಫ್ರೆಂಚ್ ಎಲ್ಲ ಬರುತ್ತಂತೆ. ನನ್ನ ಇಂಗ್ಲಿಷ್‌ಗೆ ಓದೋಕಾಗುತ್ತಾ?

ಆಗುತ್ತದೆ. 'ಕ್ಲೌಡ್ಸ್ ಆಫ್ ವಿಟ್ನೆಸ್' (1926) ಪುಸ್ತಕದಲ್ಲಿ ಒಂದು ಉದ್ದದ ಫ್ರೆಂಚ್ ಪತ್ರವಿದೆ, ಅದರ ಇಂಗ್ಲಿಷ್ ರೂಪ ಅಲ್ಲೇ ಸಿಗುತ್ತದೆ. ಉಳಿದ ಕಡೆ ಲ್ಯಾಟಿನ್ ಸಾಲು ಬಂದರೆ ದಾಟಿಕೊಂಡು ಹೋಗಿ, ಕಥೆಗೆ ಏನೂ ನಷ್ಟವಿಲ್ಲ. ನಿಜವಾದ ತೊಡಕು 'ದ ಫೈವ್ ರೆಡ್ ಹೆರಿಂಗ್ಸ್' (1931). ಸ್ಕಾಟ್ಲೆಂಡಿನ ಗ್ಯಾಲವೇ ಸೀಮೆಯ ಆಡುಮಾತು, ಜೊತೆಗೆ ರೈಲಿನ ವೇಳಾಪಟ್ಟಿ. ಆ ಪುಸ್ತಕ ಕೊನೆಗಿರಲಿ.

## ಬದುಕು

ಆಕ್ಸ್‌ಫರ್ಡ್‌ನಲ್ಲಿ ಓದಿದ್ರೂ ಡಿಗ್ರಿ ಕೊಡಲಿಲ್ಲ ಅಂತಾರಲ್ಲ, ಯಾಕೆ?

ಹೆಣ್ಣು ಅನ್ನುವ ಒಂದೇ ಕಾರಣಕ್ಕೆ. 1912ರಲ್ಲಿ ಸ್ಕಾಲರ್‌ಶಿಪ್ ಮೇಲೆ ಸಮರ್‌ವಿಲ್ ಕಾಲೇಜು ಸೇರಿದರು. 1915ರಲ್ಲಿ ಫ್ರೆಂಚ್‌ನಲ್ಲಿ ಮೊದಲ ದರ್ಜೆ ಬಂತು. ಪರೀಕ್ಷೆ ಬರೆಯಬಹುದು, ದರ್ಜೆ ಪಡೆಯಬಹುದು, ಪದವಿ ಮಾತ್ರ ಗಂಡಸರಿಗೆ ಎಂಬುದು ಆಗಿನ ನಿಯಮ. 1920ರಲ್ಲಿ ಅದು ಬದಲಾಯಿತು. ಅದೇ ಅಕ್ಟೋಬರ್‌ನಲ್ಲಿ ಪದವಿ ಪಡೆದ ಮೊದಲ ಹೆಣ್ಣುಮಕ್ಕಳ ಸಾಲಿನಲ್ಲಿ ಸೇಯರ್ಸ್ ಇದ್ದರು. ಬಿ.ಎ., ಎಂ.ಎ. ಎರಡೂ ಒಟ್ಟಿಗೆ ಕೈಗೆ ಬಂದವು.

ಜಾಹೀರಾತು ಕಂಪನಿಯಲ್ಲಿ ಏನು ಮಾಡ್ತಿದ್ರು?

ಲಂಡನ್ನಿನ ಎಸ್. ಎಚ್. ಬೆನ್ಸನ್ ಎಂಬ ಏಜೆನ್ಸಿಯಲ್ಲಿ ಕಾಪಿರೈಟರ್. 1922ರಲ್ಲಿ ಸೇರಿದಾಗ ಸಂಬಳ ವಾರಕ್ಕೆ 4 ಪೌಂಡ್. ಕೋಲ್ಮನ್ಸ್ ಸಾಸಿವೆಗಾಗಿ ಅವರು ದುಡಿದ 'ಮಸ್ಟರ್ಡ್ ಕ್ಲಬ್' ಜಾಹೀರಾತು ಊರೆಲ್ಲ ಮಾತಾಯಿತು. ಇಲ್ಲದ ಕ್ಲಬ್, ಅದಕ್ಕೆ ಬ್ಯಾರನ್ ಡಿ ಬೀಫ್, ಮಿಸ್ ಡೈ ಜೆಸ್ಟರ್ ಅಂತ ಇಲ್ಲದ ಸದಸ್ಯರು. ಗಿನ್ನೆಸ್ ಬಿಯರಿನ ಟೂಕನ್ ಹಕ್ಕಿಯ ಪೋಸ್ಟರ್ ನೋಡಿರಬಹುದು. ಅದರ ಪ್ರಾಸದ ಸಾಲುಗಳೂ ಅವರವೇ ಎನ್ನುತ್ತಾರೆ.

ಈ ಕೆಲಸವನ್ನು ಅವರು ಕೀಳಾಗಿ ಕಾಣಲಿಲ್ಲ, ತಲೆಯ ಮೇಲೂ ಹೊರಲಿಲ್ಲ. ದಿನವಿಡೀ ನಿಜಕ್ಕೆ ಬಣ್ಣ ಬಳಿಯುವ ಜನ ಎಷ್ಟು ಲವಲವಿಕೆಯಿಂದ, ಎಷ್ಟು ಜಾಣತನದಿಂದ ಆ ಕೆಲಸ ಮಾಡುತ್ತಾರೆ ಅನ್ನುವುದನ್ನು 'ಮರ್ಡರ್ ಮಸ್ಟ್ ಅಡ್ವರ್ಟೈಸ್'ನಲ್ಲಿ ತೋರಿಸಿದರು. ಅಲ್ಲಿ ಜಾಹೀರಾತು ಮಾರುವ ಕನಸು, ಮಾದಕ ದ್ರವ್ಯ ಮಾರುವ ಕನಸು ಎರಡೂ ಅಕ್ಕಪಕ್ಕ ನಡೆಯುತ್ತವೆ. ಎರಡಕ್ಕೂ ನಂಟಿದೆ ಅಂತ ಯಾರೂ ಭಾಷಣ ಬಿಗಿಯುವುದಿಲ್ಲ.

ಅವರಿಗೆ ಗುಟ್ಟಾಗಿ ಒಬ್ಬ ಮಗ ಇದ್ದನಂತೆ, ನಿಜವಾ?

ನಿಜ. ಮೊದಲು ಸೇಯರ್ಸ್ ಜಾನ್ ಕೂರ್ನೋಸ್ ಎಂಬ ಲೇಖಕನನ್ನು ಬಹಳ ಪ್ರೀತಿಸಿದ್ದರು. ಆತ ಮದುವೆ, ಮಕ್ಕಳು ಎರಡರಲ್ಲೂ ತನಗೆ ನಂಬಿಕೆಯಿಲ್ಲ ಅಂದ. ಆಮೇಲೆ ಬೇರೊಬ್ಬಳನ್ನು ಮದುವೆಯಾದ. ಅವಳಿಗೆ ಮೊದಲೇ ಇಬ್ಬರು ಮಕ್ಕಳು. ಸಾಲದ್ದಕ್ಕೆ ಅವಳೂ ಪತ್ತೇದಾರಿ ಕಥೆ ಬರೆಯುವವಳು! ಈ ಉರಿ 'ಸ್ಟ್ರಾಂಗ್ ಪಾಯ್ಸನ್'ನಲ್ಲಿ ಕಾಣುತ್ತದೆ. ಅಲ್ಲಿ ವಿಷ ತಿಂದು ಸತ್ತ ಲೇಖಕನೂ ಮದುವೆ ಬಗ್ಗೆ ಹೀಗೇ ದೊಡ್ಡ ಮಾತಾಡಿದವನು.

ಕೂರ್ನೋಸ್ ದೂರವಾದ ಮೇಲೆ ಬಿಲ್ ವೈಟ್ ಎಂಬ ಕಾರು ಮಾರುವವನ ಗೆಳೆತನವಾಯಿತು. ಗರ್ಭಿಣಿಯಾದಾಗ ಆತನಿಗೆ ಮೊದಲೇ ಮದುವೆಯಾಗಿದೆ ಎಂದು ತಿಳಿಯಿತು. ಬೋರ್ನ್‌ಮತ್ ಹತ್ತಿರ ಗುಟ್ಟಾಗಿ ಹೆರಿಗೆಗೆ ಏರ್ಪಾಡು ಮಾಡಿಕೊಟ್ಟವಳು ಆತನ ಹೆಂಡತಿಯೇ. 1924ರ ಜನವರಿ 3ರಂದು ಮಗ ಹುಟ್ಟಿದ, ಜಾನ್ ಆಂಥೊನಿ. ಮಗುವನ್ನು ಬೇರೆಯವರ ಮಕ್ಕಳನ್ನು ಸಾಕುತ್ತಿದ್ದ ಕಸಿನ್ ಐವಿ ಶ್ರಿಂಪ್ಟನ್ ಮಡಿಲಿಗೆ ಹಾಕಿ ಸೇಯರ್ಸ್ ಕೆಲಸಕ್ಕೆ ಮರಳಿದರು. ಆಫೀಸಿನಲ್ಲಿ ಹೇಳಿದ್ದು ಕಾಯಿಲೆ ಅಂತ. ಪಾದ್ರಿ ತಂದೆಗೆ, ತಾಯಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

1926ರಲ್ಲಿ ಪತ್ರಕರ್ತ ಮ್ಯಾಕ್ ಫ್ಲೆಮಿಂಗ್ ಅವರನ್ನು ಮದುವೆಯಾದರು. ಮಗ ಮುಂದೆ ಫ್ಲೆಮಿಂಗ್ ಹೆಸರನ್ನೇ ಇಟ್ಟುಕೊಂಡ, ಆದರೆ ಆ ಮನೆಯಲ್ಲಿ ಬೆಳೆಯಲಿಲ್ಲ. ಅವನ ಖರ್ಚು, ಓದು ಎಲ್ಲವನ್ನೂ ಸೇಯರ್ಸ್ ನೋಡಿಕೊಂಡರು. ಓದಿನಲ್ಲಿ ಚುರುಕಾಗಿದ್ದವನು ಆಕ್ಸ್‌ಫರ್ಡ್‌ನ ಬೇಲಿಯಲ್ ಕಾಲೇಜು ಸೇರಿದ. ಪೀಟರ್ ವಿಮ್ಸಿ ಓದಿದ್ದೂ ಅಲ್ಲೇ. ಜಗತ್ತಿಗೆ ವಿಷಯ ತಿಳಿದದ್ದು 1975ರಲ್ಲಿ ಒಂದು ಜೀವನಚರಿತ್ರೆ ಬಂದಾಗ. ಆಗ ಸೇಯರ್ಸ್ ತೀರಿಕೊಂಡು 18 ವರ್ಷವಾಗಿತ್ತು. ಅವರನ್ನು ಕಲ್ಲುಮನಸ್ಸಿನವರು ಎನ್ನುವವರಿದ್ದಾರೆ. 1924ರಲ್ಲಿ ಮದುವೆಯಾಗದ ತಾಯಿಗೆ ಕೆಲಸ, ಮನೆ, ಮರ್ಯಾದೆ ಯಾವುದು ಉಳಿಯುತ್ತಿತ್ತು ಅಂತ ಅವರು ಒಮ್ಮೆ ಯೋಚಿಸಲಿ.

ಕ್ರಿಸ್ಟಿಗೂ ಇವರಿಗೂ ಆಗ್ತಿರಲಿಲ್ಲವಾ?

ಆ ಮಾತಿಗೆ ಆಧಾರವಿಲ್ಲ. 1926ರಲ್ಲಿ ಕ್ರಿಸ್ಟಿಯ ಒಂದು ಕಾದಂಬರಿಯ ಮುಕ್ತಾಯ ಮೋಸ ಅಂತ ಓದುಗರು ಗಲಾಟೆ ಎಬ್ಬಿಸಿದಾಗ, ಎಲ್ಲರನ್ನೂ ಅನುಮಾನಿಸುವುದು ಓದುಗನ ಕೆಲಸ ಎಂದು ಪರ ನಿಂತವರು ಸೇಯರ್ಸ್. ಅದೇ ವರ್ಷದ ಕೊನೆಗೆ ಕ್ರಿಸ್ಟಿ ಕಾಣೆಯಾದಾಗ, ಸರ್ರೆಯ ಸೈಲೆಂಟ್ ಪೂಲ್ ಎಂಬ ಕೊಳದ ಹತ್ತಿರ ಹೋಗಿ ನೋಡಿ ಬಂದರು.

1930ರ ಹೊತ್ತಿಗೆ ಪತ್ತೇದಾರಿ ಲೇಖಕರ ಕೂಟವಾದ ಡಿಟೆಕ್ಷನ್ ಕ್ಲಬ್ ಶುರುವಾಯಿತು. ಇಬ್ಬರೂ ಸದಸ್ಯರು. ಹೊಸಬರು ಎರಿಕ್ ಎಂಬ ತಲೆಬುರುಡೆಯ ಮುಂದೆ ಪ್ರಮಾಣ ಮಾಡಬೇಕು: ನನ್ನ ಪತ್ತೇದಾರ ಬುದ್ಧಿಯಿಂದಲೇ ಪತ್ತೆ ಹಚ್ಚುತ್ತಾನೆ, ದೈವವಾಣಿಯಿಂದಲ್ಲ, ಕಾಕತಾಳೀಯದಿಂದಲ್ಲ, ಓದುಗನಿಂದ ಮುಖ್ಯ ಸುಳಿವು ಬಚ್ಚಿಡುವುದಿಲ್ಲ. ತಮಾಷೆಯೇ, ಆದರೆ ನಿಯಮದ ವಿಷಯದಲ್ಲಿ ಸೇಯರ್ಸ್ ಗಂಭೀರ. ಸದಸ್ಯರು ಒಬ್ಬೊಬ್ಬರು ಒಂದೊಂದು ಅಧ್ಯಾಯ ಬರೆದ 'ದ ಫ್ಲೋಟಿಂಗ್ ಅಡ್ಮಿರಲ್' 1931ರಲ್ಲಿ ಬಂತು. 1949ರಿಂದ ಸಾಯುವವರೆಗೆ ಸೇಯರ್ಸ್ ಕ್ಲಬ್ಬಿನ ಅಧ್ಯಕ್ಷರು. ಅವರ ನಂತರ ಆ ಕುರ್ಚಿಗೆ ಬಂದವರು ಕ್ರಿಸ್ಟಿ, ಭಾಷಣ ಮಾಡುವುದಿಲ್ಲ ಎಂಬ ಷರತ್ತಿನ ಮೇಲೆ.

## ಪುಸ್ತಕಗಳ ಒಳಗೆ

'ದ ನೈನ್ ಟೇಲರ್ಸ್'ನಲ್ಲಿ ಬರೀ ಗಂಟೆ ಬಗ್ಗೆ ಬರೆದಿದ್ದಾರೆ. ಅರ್ಧಕ್ಕೆ ಬಿಟ್ಟೆ. ತಪ್ಪು ಮಾಡಿದೆನಾ?

ನೀವೊಬ್ಬರೇ ಅಲ್ಲ. ಅಮೆರಿಕದ ದೊಡ್ಡ ವಿಮರ್ಶಕ ಎಡ್ಮಂಡ್ ವಿಲ್ಸನ್ ಕೂಡ ಇದರಷ್ಟು ಬೇಜಾರಿನ ಪುಸ್ತಕ ಅಪರೂಪ ಅಂತ ಬೈದು, ಗಂಟೆಯ ಭಾಗಗಳನ್ನು ಹಾರಿಸಿದೆ ಅಂದರು. ನನ್ನ ಪ್ರಕಾರ ಹಾರಿಸಿದ್ದೇ ತಪ್ಪು. ಗಂಟೆಯ ಲೆಕ್ಕ ಒಮ್ಮೆ ಅರ್ಥವಾದರೆ ಪುಸ್ತಕ ಬಿಚ್ಚಿಕೊಳ್ಳುತ್ತದೆ.

ಇಂಗ್ಲೆಂಡಿನ ಚರ್ಚುಗಳಲ್ಲಿ ಗಂಟೆಗಳಿಂದ ರಾಗ ನುಡಿಸುವುದಿಲ್ಲ, ಕ್ರಮ ಬದಲಿಸುತ್ತಾರೆ. ಮೂರು ಗಂಟೆ ಇವೆ ಅಂದುಕೊಳ್ಳಿ. ಮೊದಲ ಸುತ್ತು 1-2-3. ಮುಂದೆ 2-1-3, ಆಮೇಲೆ 2-3-1, 3-2-1, 3-1-2, 1-3-2. ಅಷ್ಟಾದರೆ ಸಾಧ್ಯವಿರುವ ಆರೂ ಕ್ರಮ ಮುಗಿದವು. ತಿರುಗಿ 1-2-3ಕ್ಕೆ ಬರುತ್ತೇವೆ. ಒಂದು ಸುತ್ತಿನಿಂದ ಇನ್ನೊಂದಕ್ಕೆ ಯಾವ ಗಂಟೆಯೂ ಒಂದು ಸ್ಥಾನಕ್ಕಿಂತ ಹೆಚ್ಚು ಜರುಗುವಂತಿಲ್ಲ. ಬಂದ ಕ್ರಮ ಮತ್ತೆ ಬರುವಂತಿಲ್ಲ. ಎಂಟು ಗಂಟೆಗೆ ಸಾಧ್ಯವಿರುವ ಕ್ರಮ 40,320. ಕೈಯಲ್ಲಿ ಚೀಟಿ ಇಟ್ಟುಕೊಳ್ಳದೆ, ಎಲ್ಲ ನೆನಪಿನಲ್ಲೇ, ಒಬ್ಬೊಬ್ಬರು ಒಂದೊಂದು ಹಗ್ಗ ಹಿಡಿದು ಎಳೆಯಬೇಕು.

ಕಾದಂಬರಿಯಲ್ಲಿ ಹೊಸ ವರ್ಷದ ಹಿಂದಿನ ರಾತ್ರಿ ಫೆನ್‌ಚರ್ಚ್ ಸೇಂಟ್ ಪಾಲ್ ಎಂಬ ಹಳ್ಳಿಯಲ್ಲಿ 15,840 ಕ್ರಮಗಳನ್ನು ಒಂಬತ್ತು ಗಂಟೆ ಕಾಲ ಬಾರಿಸುವ ಸಾಹಸಕ್ಕೆ ಇಳಿದಿದ್ದಾರೆ. ಊರಲ್ಲಿ ಫ್ಲೂ. ಒಬ್ಬ ಹಾಸಿಗೆ ಹಿಡಿದ. ಹಿಮದಲ್ಲಿ ಕಾರು ಸಿಕ್ಕಿಬಿದ್ದು ಬಂದ ವಿಮ್ಸಿ ಆ ಹಗ್ಗ ಹಿಡಿಯುತ್ತಾನೆ. ಆ ರಾತ್ರಿಯ ಬೆಲೆ ಏನು ಅನ್ನುವುದು ತುಂಬಾ ಆಮೇಲೆ ತಿಳಿಯುತ್ತದೆ. ಆ ಊರು ಕಲ್ಪಿತ, ಸೀಮೆ ನಿಜ. ತಂದೆ ಬ್ಲಂಟಿಷಮ್ ಊರಿನ ಪಾದ್ರಿಯಾಗಿ ಹೋದಾಗ ಸೇಯರ್ಸ್ ಇನ್ನೂ ಚಿಕ್ಕವರು. ಫೆನ್ಸ್ ಎನ್ನುವ ಆ ತಗ್ಗು ಸೀಮೆಯ ಕಾಲುವೆ, ತೂಬು, ನೆರೆ ಎಲ್ಲ ಕಂಡು ಬೆಳೆದವರು. ಆದರೆ ಗಂಟೆ ವಿದ್ಯೆ ಕಲಿತದ್ದು ಪುಸ್ತಕ ಓದಿ.

ಕೊಲೆಯೇ ಇಲ್ಲದ ಪತ್ತೇದಾರಿ ಕಾದಂಬರಿ ಹೇಗಾಗುತ್ತೆ?

'ಗಾಡಿ ನೈಟ್' ಬಗ್ಗೆ ಈ ಪ್ರಶ್ನೆ. ಹ್ಯಾರಿಯೆಟ್ ವೇನ್ ಪತ್ತೇದಾರಿ ಕಾದಂಬರಿ ಬರೆಯುವವಳು. ಹಿಂದೆ ಕೊಲೆ ಆರೋಪ ಹೊತ್ತು ಕಟಕಟೆಯಲ್ಲಿ ನಿಂತಿದ್ದವಳು, ವಿಮ್ಸಿ ಉಳಿಸಿದ್ದ. ಅಂದಿನಿಂದ ಅವನು ಮದುವೆಗೆ ಕೇಳುತ್ತಲೇ ಇದ್ದಾನೆ, ಅವಳು ಬೇಡ ಅನ್ನುತ್ತಲೇ ಇದ್ದಾಳೆ. ಪ್ರಾಣ ಉಳಿಸಿದವನ ಋಣದಲ್ಲಿ ಕಟ್ಟಿಕೊಂಡ ಸಂಸಾರ ಸರಿಸಮ ಆಗುತ್ತದಾ ಅನ್ನುವುದು ಅವಳ ಅಳುಕು.

ಅವಳ ಹಳೇ ಮಹಿಳಾ ಕಾಲೇಜಿನಲ್ಲಿ ಯಾರೋ ಹೊಲಸು ಚೀಟಿ ಬರೆಯುತ್ತಿದ್ದಾರೆ, ಪುಸ್ತಕ ಹರಿಯುತ್ತಿದ್ದಾರೆ. ಪೊಲೀಸರನ್ನು ಕರೆದರೆ ಸುದ್ದಿಯಾಗುತ್ತದೆ. ಓದಿದ ಹೆಂಗಸರು ಹೀಗೇ ಅಂತ ನಗಲು ಜನ ಕಾಯುತ್ತಿದ್ದಾರೆ. ಹಾಗಾಗಿ ಹ್ಯಾರಿಯೆಟ್‌ಳನ್ನು ಕರೆಸುತ್ತಾರೆ. ಊಟದ ಮೇಲಿನ ಹರಟೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಸಂಶೋಧಕನೊಬ್ಬ ತನ್ನ ವಾದಕ್ಕೆ ಅಡ್ಡ ಬರುವ ದಾಖಲೆ ಬಚ್ಚಿಟ್ಟರೆ, ಪಾಪ ಹೆಂಡತಿ ಮಕ್ಕಳಿದ್ದಾರೆ ಅಂತ ಬಿಟ್ಟುಬಿಡಬೇಕಾ? ಇಡೀ ಪುಸ್ತಕ ಈ ಪ್ರಶ್ನೆಯ ಮೇಲೆ ನಿಂತಿದೆ. ಮಾಡುವ ಕೆಲಸಕ್ಕೆ ನಿಯತ್ತಾಗಿರಬೇಕು ಅನ್ನುವುದು ಸೇಯರ್ಸ್ ಬದುಕಿಡೀ ಬಿಡದೆ ಹಿಡಿದ ಮಾತು. ಅದನ್ನು ಉಪದೇಶವಾಗಿ ಅಲ್ಲದೆ, ಗಾಯ ಮಾಡುವ ಮಾತಾಗಿ ಬರೆದದ್ದು ಇಲ್ಲಿ. ಅವರ ಅತ್ಯುತ್ತಮ ಪುಸ್ತಕ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ.

ಅವರ ವಿಜ್ಞಾನ ಸರಿ ಇದೆಯಾ?

(ಕೊಲೆಯ ವಿಧಾನ ಹೇಳಲಿದ್ದೇನೆ. ಬೇಡದವರು ಮುಂದಿನ ಪ್ರಶ್ನೆಗೆ ಹೋಗಿ.) 'ಅನ್‌ನ್ಯಾಚುರಲ್ ಡೆತ್' (1927) ಪುಸ್ತಕದಲ್ಲಿ ಸಿರಿಂಜಿನಿಂದ ರಕ್ತನಾಳಕ್ಕೆ ಗಾಳಿ ಚುಚ್ಚುವುದಿದೆ. ಅಷ್ಟು ಸ್ವಲ್ಪ ಗಾಳಿಗೆ ಜನ ಸಾಯುವುದಿಲ್ಲ, ತುಂಬಾ ಜಾಸ್ತಿ ಬೇಕು ಎಂದು ವೈದ್ಯರು ಆಕ್ಷೇಪಿಸಿದರು. ಅವರ ಆಕ್ಷೇಪ ಸರಿ.

ವಿಮ್ಸಿ ಇಲ್ಲದ 'ದ ಡಾಕ್ಯುಮೆಂಟ್ಸ್ ಇನ್ ದ ಕೇಸ್' (1930) ಇದಕ್ಕಿಂತ ಎಷ್ಟೋ ಮೇಲು. ರಾಬರ್ಟ್ ಯೂಸ್ಟೇಸ್ ಹೆಸರಲ್ಲಿ ಬರೆಯುತ್ತಿದ್ದ ವೈದ್ಯರೊಬ್ಬರ ಜೊತೆ ಸೇರಿ ಬರೆದದ್ದು. ಒಬ್ಬ ಅಣಬೆ ತಿಂದು ಸಾಯುತ್ತಾನೆ. ವಿಷ ಮಸ್ಕರಿನ್. ಅದು ಅಣಬೆಯಿಂದಲೇ ಬಂತಾ, ಲ್ಯಾಬಿನಲ್ಲಿ ತಯಾರಾದದ್ದಾ? ಜೀವಿಯೊಳಗೆ ಹುಟ್ಟಿದ ಮಸ್ಕರಿನ್ನಿನ ಅಣುಗಳೆಲ್ಲ ಒಂದೇ ಕಡೆ ತಿರುಚಿಕೊಂಡಿರುತ್ತವೆ. ಧ್ರುವೀಕರಿಸಿದ, ಅಂದರೆ ಒಂದೇ ತಲದಲ್ಲಿ ಕಂಪಿಸುವ ಬೆಳಕನ್ನು ಅದರೊಳಗೆ ಹಾಯಿಸಿದರೆ ಬೆಳಕಿನ ತಲ ತಿರುಗುತ್ತದೆ. ಲ್ಯಾಬಿನಲ್ಲಿ ಸುಮ್ಮನೆ ತಯಾರಿಸಿದರೆ ಎಡದ್ದು ಬಲದ್ದು ಸಮಸಮ ಬಂದು ಬೆಳಕು ತಿರುಗುವುದಿಲ್ಲ. ಇದನ್ನು ಪರೀಕ್ಷಿಸುವ ಉಪಕರಣದಲ್ಲಿ ಬೆಳಕು ಬಾರದೆ ಕಪ್ಪಗೆ ಉಳಿಯುವ ಒಂದು ವೃತ್ತವೇ ಇಲ್ಲಿ ಸಾಕ್ಷಿ. ಇದರ ರಸಾಯನಶಾಸ್ತ್ರದ ತತ್ವ ಗಟ್ಟಿಯಾಗಿದೆ.

ಯಹೂದಿಗಳ ಬಗ್ಗೆ ಕೆಟ್ಟದಾಗಿ ಬರೆದಿದ್ದಾರಂತೆ?

ಬರೆದಿದ್ದಾರೆ. ಆಗಿನ ಇಂಗ್ಲಿಷ್ ಮೇಲ್ವರ್ಗ ಹಗುರವಾಗಿ ಆಡುತ್ತಿದ್ದ ಮಾತುಗಳು ಮೊದಲ ಪುಸ್ತಕಗಳಲ್ಲಿ ಧಾರಾಳವಾಗಿವೆ. ಪಾತ್ರಗಳ ಬಾಯಲ್ಲಿ ಬಂದದ್ದು ಸ್ವಲ್ಪ, ಬರಹಗಾರ್ತಿಯ ಕಣ್ಣಿನಿಂದಲೇ ಬಂದದ್ದೂ ಇದೆ. 'ಹೂಸ್ ಬಾಡಿ?'ಯ ಸರ್ ರೂಬೆನ್ ಲೆವಿ ಹೆಂಡತಿಯನ್ನು ಪ್ರೀತಿಸುವ ಒಳ್ಳೆ ಮನುಷ್ಯ ಅಂತ ತೋರಿಸಿರುವುದನ್ನು ಕೆಲವರು ಸಮರ್ಥನೆಗೆ ತರುತ್ತಾರೆ. ಅದು ನಿಜವೇ, ಆದರೆ ಉಳಿದ ಸಾಲುಗಳನ್ನು ಅದು ಅಳಿಸುವುದಿಲ್ಲ. ಓದುವಾಗ ಚುಚ್ಚುತ್ತದೆ.

## ಇನ್ನೂ ಮುಂದಕ್ಕೆ

ಇಷ್ಟು ಹೆಸರಿದ್ದಾಗ ಪತ್ತೇದಾರಿ ಬರೆಯೋದು ಯಾಕೆ ನಿಲ್ಲಿಸಿದರು?

ಹೊಟ್ಟೆಪಾಡಿಗೆ ಬೇಕಾದಷ್ಟು ಸಂಪಾದನೆ ಆಗಿತ್ತು, ಮನಸ್ಸು ಬೇರೆ ಕಡೆ ಎಳೆಯಿತು. 1937ರಲ್ಲಿ ಕ್ಯಾಂಟರ್‌ಬರಿ ಚರ್ಚಿಗಾಗಿ ಬರೆದ 'ದ ಝೀಲ್ ಆಫ್ ದೈ ಹೌಸ್' ನಾಟಕದಿಂದ ಆ ದಾರಿ ತೆರೆಯಿತು. ಅದರ ನಾಯಕ ಚರ್ಚು ಕಟ್ಟುವ ಶಿಲ್ಪಿ, ತನ್ನ ಕೆಲಸದ ಮೇಲೆ ವಿಪರೀತ ಹೆಮ್ಮೆ. ಮತ್ತೆ ಅದೇ ವಿಷಯ ನೋಡಿ.

1941ರ ಕೊನೆಯಿಂದ 1942ರವರೆಗೆ ಬಿಬಿಸಿ ರೇಡಿಯೋದಲ್ಲಿ ಯೇಸುವಿನ ಬದುಕಿನ ಮೇಲೆ 12 ನಾಟಕ ಬಂದವು, 'ದ ಮ್ಯಾನ್ ಬಾರ್ನ್ ಟು ಬಿ ಕಿಂಗ್'. ಯೇಸುವಿನ ಮಾತನ್ನು ನಟನೊಬ್ಬ ಆಡುವುದೇ ಆಗ ಹೊಸತು. ಅದರ ಮೇಲೆ ಶಿಷ್ಯರು ಬೀದಿಯ ಇಂಗ್ಲಿಷ್ ಮಾತಾಡುತ್ತಾರೆ. ಪ್ರಸಾರಕ್ಕೆ ಮೊದಲೇ ಪ್ರತಿಭಟನೆ ಶುರುವಾಯಿತು. ಸೇಯರ್ಸ್ ಜಗ್ಗಲಿಲ್ಲ. 1936ರಲ್ಲೇ ಶುರು ಮಾಡಿದ್ದ ಇನ್ನೊಂದು ವಿಮ್ಸಿ ಕಾದಂಬರಿ 'ಥ್ರೋನ್ಸ್, ಡಾಮಿನೇಷನ್ಸ್' ಪೆಟ್ಟಿಗೆಯಲ್ಲೇ ಉಳಿಯಿತು. ಅದನ್ನು ಜಿಲ್ ಪೇಟನ್ ವಾಲ್ಷ್ ಮುಗಿಸಿ 1998ರಲ್ಲಿ ಹೊರತಂದರು.

ಡಾಂಟೆಯನ್ನು ಅನುವಾದ ಮಾಡಿದ ಸೇಯರ್ಸ್ ಇವರೇನಾ, ಬೇರೆಯವರಾ?

ಇವರೇ. 1944ರಲ್ಲಿ ಜರ್ಮನ್ ಬಾಂಬುಗಳು ಬೀಳುತ್ತಿದ್ದಾಗ, ಆಶ್ರಯದ ಕೋಣೆಗೆ ಓಡುವ ಅವಸರದಲ್ಲಿ ಕೈಗೆ ಸಿಕ್ಕ ಪುಸ್ತಕ, ಇಟಲಿಯ ಕವಿ ಡಾಂಟೆಯ 'ಡಿವೈನ್ ಕಾಮಿಡಿ' ಎತ್ತಿಕೊಂಡರು. ಐವತ್ತು ದಾಟಿತ್ತು. ಓದುತ್ತಾ ಇಟಾಲಿಯನ್ ಕಲಿತರು. ಮೂರು ಸಾಲಿನ ಹೆಣೆದ ಪ್ರಾಸವನ್ನು ಇಂಗ್ಲಿಷಿನಲ್ಲೂ ಉಳಿಸಿಕೊಂಡು ಪೆಂಗ್ವಿನ್ ಕ್ಲಾಸಿಕ್ಸ್‌ಗಾಗಿ ಅನುವಾದಿಸಿದರು. ಅದರ ಮೂರು ಭಾಗಗಳಲ್ಲಿ ನರಕ 1949ರಲ್ಲಿ, ಪರ್ಗಟರಿ (ಪಾಪ ತೊಳೆಯುವ ಲೋಕ) 1955ರಲ್ಲಿ ಬಂತು. ಸ್ವರ್ಗದ 33 ಸರ್ಗಗಳಲ್ಲಿ 20 ಮುಗಿದಿದ್ದವು. 1957ರ ಡಿಸೆಂಬರ್ 17ರಂದು ಕ್ರಿಸ್‌ಮಸ್ ಖರೀದಿ ಮುಗಿಸಿ ಎಸೆಕ್ಸ್‌ನ ವಿಟಮ್ ಊರಿನ ಮನೆಗೆ ಬಂದವರು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 64. ಉಳಿದ ಸರ್ಗಗಳನ್ನು ಗೆಳತಿ ಬಾರ್ಬರಾ ರೆನಾಲ್ಡ್ಸ್ ಪೂರೈಸಿ 1962ರಲ್ಲಿ ಪ್ರಕಟಿಸಿದರು. ಅನುವಾದ ಕೆಲವು ಕಡೆ ಪ್ರಾಸಕ್ಕಾಗಿ ಎಳೆದಾಡಿದಂತಿದೆ. ಟಿಪ್ಪಣಿಗಳು ಮಾತ್ರ ಬಹಳ ಚೆನ್ನಾಗಿವೆ.

ಇವನ್ನು ಕನ್ನಡಕ್ಕೆ ಅನುವಾದ ಮಾಡಬಹುದಾ? ಯಾರ ಅನುಮತಿ ಬೇಕು?

ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಲೆಕ್ಕ ಶುರುವಾಗುವುದು ಮರುವರ್ಷದ ಜನವರಿಯಿಂದ. ಹಾಗಾಗಿ ಅವರ ಜೀವಿತಕಾಲದಲ್ಲಿ ಅಚ್ಚಾದ ಕಾದಂಬರಿ, ಕಥೆಗಳು ಇಲ್ಲಿ 2018ರಿಂದ ಮುಕ್ತ. ಬ್ರಿಟನ್ನಿನಲ್ಲಿ 70 ವರ್ಷ, ಅಲ್ಲಿ 2027ರ ಕೊನೆಯವರೆಗೆ ಕಾಯಬೇಕು. ಅಲ್ಲಿಯವರೆಗೆ ಅಲ್ಲಿ ಮಾರುವಂತಿಲ್ಲ.

ಕೆಲವನ್ನು ಮುಟ್ಟಬೇಡಿ. 'ಬಸ್‌ಮನ್ಸ್ ಹನಿಮೂನ್' ಕಾದಂಬರಿ ಸರಿ, ಅದರ ನಾಟಕ ರೂಪ ಇನ್ನೊಬ್ಬರ ಜೊತೆ ಬರೆದದ್ದು. ಆ ಸಹಲೇಖಕಿ ಮ್ಯೂರಿಯಲ್ ಸೇಂಟ್ ಕ್ಲೇರ್ ಬರ್ನ್ ತೀರಿಕೊಂಡದ್ದು 1983ರಲ್ಲಿ. 'ಥ್ರೋನ್ಸ್, ಡಾಮಿನೇಷನ್ಸ್' ಕೂಡ ಆಗದು. 'ಟಾಲ್‌ಬಾಯ್ಸ್' ಎಂಬ ವಿಮ್ಸಿ ಕಥೆ 1942ರಲ್ಲೇ ಬರೆದಿದ್ದರೂ ಅಚ್ಚಾದದ್ದು 1972ರಲ್ಲಿ. ಮರಣದ ನಂತರ ಬಂದ ಕೃತಿಗೆ ಅಚ್ಚಾದ ವರ್ಷದಿಂದ ಎಣಿಕೆ, ಅದಕ್ಕೆ 2032 ಮುಗಿಯಬೇಕು. ಕೈ ಹಾಕುವವರು 'ಮರ್ಡರ್ ಮಸ್ಟ್ ಅಡ್ವರ್ಟೈಸ್'ನಿಂದ ಶುರು ಮಾಡಿ. ಜಾಹೀರಾತಿನ ಸಾಲುಗಳಿಗೆ ಕನ್ನಡದಲ್ಲಿ ಹೊಸದಾಗಿಯೇ ಪ್ರಾಸ ಕಟ್ಟಬೇಕಾಗುತ್ತದೆ. ವಿಮ್ಸಿ ಎರಡನೇ ಹೆಸರಿಟ್ಟುಕೊಂಡು ಆಫೀಸಿಗೆ ಸೇರಿಕೊಂಡಿರುವುದರಿಂದ, ಅವನ ತಲೆತಿರುಗಿಸುವ ಡ್ಯೂಕ್ ಮನೆತನದ ಮಾತು ಅಲ್ಲಿ ಕೊಂಚ ಕಡಿಮೆ.